ಹೊಸ ಕಾರಿನ ವೈರ್ ಕತ್ತರಿಸುವ ಮುನ್ನ

ಶೋರೂಮಿನಿಂದ ಹೊರಟ ಹೊಸ ಕಾರಿನ ಮೊದಲ ನಿಲ್ದಾಣ ದೇವಸ್ಥಾನ. ನಾಲ್ಕು ಚಕ್ರದಡಿಗೂ ನಿಂಬೆಹಣ್ಣು. ಎರಡನೆಯ ನಿಲ್ದಾಣ, ಬೆಂಗಳೂರಿನವರಾದರೆ, ಬಹುಪಾಲು ಜೆ.ಸಿ. ರಸ್ತೆ. ಬೇರೆ ಊರುಗಳಲ್ಲೂ ಆಕ್ಸೆಸರಿ ಅಂಗಡಿಗಳು ಸಾಲಾಗಿ ಕೂತ ಇಂಥದ್ದೊಂದು ಬೀದಿ ಇದ್ದೇ ಇರುತ್ತದೆ. ಅಲ್ಲಿಗೆ ಹೋಗುವವರ ಲೆಕ್ಕ ಸರಳ. ಬೇಸ್ ಮಾಡೆಲ್‌ಗೂ ಟಾಪ್ ಮಾಡೆಲ್‌ಗೂ ಲಕ್ಷಗಳ ಅಂತರ. ಆ ದುಡ್ಡಿನ ಒಂದು ಪಾಲಿನಲ್ಲಿ ಟಚ್‌ಸ್ಕ್ರೀನ್, ರಿವರ್ಸ್ ಕ್ಯಾಮೆರಾ, ಫಾಗ್ ಲ್ಯಾಂಪ್, ಅಲಾಯ್ ವೀಲ್ ಎಲ್ಲ ಬಂದುಬಿಡುತ್ತವೆ. ಹಾಗಿರುವಾಗ ಕಂಪನಿಗೇಕೆ ಹೆಚ್ಚು ಕೊಡಬೇಕು?

ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಒಂದು ಬಾಬ್ತು ಬಿಟ್ಟುಹೋಗಿರುತ್ತದೆ. ಕಾರಿನ ಬೆಲೆಯಲ್ಲಿ ಮೂರು ವರ್ಷದ ವಾರಂಟಿಗೂ ನೀವು ದುಡ್ಡು ಕೊಟ್ಟಿರುತ್ತೀರಿ. ಹೊರಗಿನ ಫಿಟ್ಟಿಂಗ್ ಅದರಲ್ಲಿ ಎಷ್ಟನ್ನು ತಿನ್ನುತ್ತದೆ ಎಂದು ಯಾರೂ ಸರಿಯಾಗಿ ಹೇಳುವುದಿಲ್ಲ. ಅಂಗಡಿಯವರನ್ನು ಕೇಳಿದರೆ, ‘ಏನೂ ಆಗಲ್ಲ ಸಾರ್, ಕಪ್ಲರ್ ಟು ಕಪ್ಲರ್ ಕೂರುತ್ತೆ.’ ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ, ‘ಹೊರಗಡೆ ಏನೇ ಹಾಕ್ಸಿದ್ರೂ ವಾರಂಟಿ ಹೋಗುತ್ತೆ ಸಾರ್.’ ಇಬ್ಬರೂ ಆಡುತ್ತಿರುವುದು ವ್ಯಾಪಾರದ ಮಾತು.

ವಾರಂಟಿ ಸಾಮಾನ್ಯವಾಗಿ ಒಂದೇ ಏಟಿಗೆ ಪೂರ್ತಿ ಹೋಗುವುದಿಲ್ಲ, ಭಾಗ ಭಾಗವಾಗಿ ಹೋಗುತ್ತದೆ. ಕೆಟ್ಟ ಭಾಗಕ್ಕೂ ನೀವು ಮಾಡಿಸಿದ ಬದಲಾವಣೆಗೂ ಸಂಬಂಧವಿದೆಯೇ ಎನ್ನುವುದರ ಸುತ್ತಲೇ ಬಹುತೇಕ ಜಗಳ ನಡೆಯುವುದು. ಅಲಾಯ್ ವೀಲ್ ಹಾಕಿಸಿದ ಕಾರಿನ ಎ.ಸಿ. ಕಂಪ್ರೆಸರ್ ಕೆಟ್ಟರೆ ಅದನ್ನು ತಿರಸ್ಕರಿಸಲು ಕಂಪನಿಗೆ ಕಾರಣ ಹುಡುಕುವುದು ಕಷ್ಟ. ಅದೇ ಕಾರಿನ ವೀಲ್ ಬೇರಿಂಗ್ ಸದ್ದು ಮಾಡಿದರೆ ಕಾರಣ ಕಣ್ಣೆದುರಿಗೇ ಇರುತ್ತದೆ.

ಆದ್ದರಿಂದ ಮೊದಲ ಕೆಲಸ ವಾರಂಟಿ ಬುಕ್‌ಲೆಟ್ ಓದುವುದು. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿರುತ್ತದೆ; ಕೆಲವು ಕಂಪನಿಗಳು ಈಗ ಆ್ಯಪ್‌ನಲ್ಲೇ ಕೊಡುತ್ತವೆ. ಅವಧಿ ಎಲ್ಲರಿಗೂ ಗೊತ್ತಿರುತ್ತದೆ. ಮಾರುತಿ ಸುಜುಕಿ 2024ರ ಜುಲೈಯಲ್ಲಿ ತನ್ನ ಸಾಮಾನ್ಯ ವಾರಂಟಿಯನ್ನು ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರಿಗೆ ಏರಿಸಿತು, ಉಳಿದವರದೂ ಆಸುಪಾಸಿನಲ್ಲಿದೆ. ಓದಬೇಕಾದದ್ದು ಅದರ ಮುಂದಿನ ಪುಟ, ಅಂದರೆ ‘ಯಾವುದಕ್ಕೆ ಅನ್ವಯಿಸುವುದಿಲ್ಲ’ ಎಂಬ ಪಟ್ಟಿ. ಕೆಲವು ಬುಕ್‌ಲೆಟ್‌ಗಳಲ್ಲಿ ‘ಮಾರ್ಪಾಡಿನಿಂದ ಉಂಟಾದ ದೋಷಕ್ಕೆ’ ವಾರಂಟಿ ಇಲ್ಲ ಎಂದಿರುತ್ತದೆ. ಇನ್ನು ಕೆಲವು ‘ಮಾರ್ಪಾಡು ಮಾಡಿದ ವಾಹನಕ್ಕೆ’ ಇಲ್ಲ ಎಂದೇ ಬರೆದುಬಿಡುತ್ತವೆ. ಮೊದಲನೆಯದರಲ್ಲಿ ವಾದಿಸಲು ನಿಮಗೆ ಜಾಗವಿದೆ, ಎರಡನೆಯದರಲ್ಲಿ ಬಹಳ ಕಡಿಮೆ. ಟೈರು, ಬ್ಯಾಟರಿಗಳಿಗೆ ಸಾಮಾನ್ಯವಾಗಿ ಅವನ್ನು ತಯಾರಿಸಿದ ಕಂಪನಿಯದೇ ಪ್ರತ್ಯೇಕ ವಾರಂಟಿ. ಹೆಚ್ಚುವರಿ ದುಡ್ಡು ಕೊಟ್ಟು ಪಡೆದ ಎಕ್ಸ್‌ಟೆಂಡೆಡ್ ವಾರಂಟಿ ಬೇರೆಯೇ ಒಪ್ಪಂದ, ಅದರ ಷರತ್ತುಗಳೂ ಬೇರೆ. ಮೊದಲಿನದನ್ನು ಓದಿ ಎರಡನೆಯದಕ್ಕೆ ಸಹಿ ಹಾಕಬೇಡಿ.

ಇನ್ನು ವೈರಿಂಗ್. ವಾರಂಟಿ ಜಗಳಗಳ ತವರು ಇದೇ ಎಂದು ನನ್ನ ಅನಿಸಿಕೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೆಯ ಕಾರಿನಲ್ಲಿ ಸ್ವಿಚ್ಚಿನಿಂದ ಲೈಟಿಗೆ ನೇರ ವೈರು ಇತ್ತು. ಈಗಿನ ಕಾರಿನಲ್ಲಿ ಸ್ವಿಚ್ಚು ಒಂದು ಕಂಪ್ಯೂಟರಿಗೆ ಸಂದೇಶ ಕೊಡುತ್ತದೆ, ಆ ಕಂಪ್ಯೂಟರು ಲೈಟು ಹಚ್ಚುತ್ತದೆ. ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂದು ಅದರ ಹೆಸರು. ಇಂಥ ಕಂಪ್ಯೂಟರುಗಳು ಪರಸ್ಪರ ಮಾತಾಡುವುದು ಒಂದಕ್ಕೊಂದು ಹೆಣೆದುಕೊಂಡ ಎರಡು ಸಪೂರ ವೈರುಗಳ ಮೂಲಕ. ಸ್ಟೀರಿಂಗ್ ಕೆಳಗೆ ತಲೆ ಹಾಕಿ, ಟೆಸ್ಟರ್ ಹಿಡಿದು, ‘ಇಲ್ಲಿ ಕರೆಂಟ್ ಇದೆ’ ಎಂದು ಸಿಕ್ಕ ವೈರಿನ ಸಿಪ್ಪೆ ಸುಲಿದು ಟೇಪ್ ಸುತ್ತುವ ಹುಡುಗನಿಗೆ ತಾನು ಮುಟ್ಟಿದ್ದು ಯಾವುದನ್ನು ಎಂಬುದು ಎಷ್ಟೋ ಸಲ ತಿಳಿದಿರುವುದಿಲ್ಲ. ಅವತ್ತು ಎಲ್ಲ ಸರಿಯಾಗಿಯೇ ಇರುತ್ತದೆ. ಮಳೆಗಾಲ ಬಂದು ಟೇಪಿನೊಳಗೆ ತೇವ ಸೇರಿದ ಮೇಲೆ ಒಂದು ದಿನ ಎಬಿಎಸ್ ಲೈಟು, ಇನ್ನೊಂದು ದಿನ ಏರ್‌ಬ್ಯಾಗ್ ಲೈಟು.

ಹೆಡ್‌ಲೈಟ್ ಬಲ್ಬಿನ ಉದಾಹರಣೆ ನೋಡಿ. ಬಹಳಷ್ಟು ಹ್ಯಾಲೊಜೆನ್ ಕಾರುಗಳಲ್ಲಿ ಇರುವುದು 60/55 ವಾಟಿನ ಎಚ್4 ಬಲ್ಬು. 12 ವೋಲ್ಟಿನ ಲೆಕ್ಕದಲ್ಲಿ ಹೈ ಬೀಮ್‌ನಲ್ಲಿ ಒಂದು ಬಲ್ಬು 5 ಆಂಪಿಯರ್ ಎಳೆಯುತ್ತದೆ. ‘ಬೆಳಕು ಸಾಲಲ್ಲ’ ಎಂದು 100/90 ವಾಟಿನದು ಹಾಕಿದರೆ ಎಳೆಯುವುದು 8.3 ಆಂಪಿಯರ್. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಹೆಚ್ಚುಕಡಿಮೆ 2.8 ಪಟ್ಟಾಗುತ್ತದೆ. ವೈರು ಮಾತ್ರ ಹಳೆಯದೇ. ಹೋಲ್ಡರ್ ಕರಗಿ, ರಿಫ್ಲೆಕ್ಟರ್ ಮಬ್ಬಾಗಿ ಕಾರು ಸರ್ವಿಸ್ ಸೆಂಟರಿಗೆ ಹೋದಾಗ ಕಪ್ಪಾದ ಕಪ್ಲರ್ ನೋಡಿದವರಿಗೆ ಕಥೆ ಗೊತ್ತಾಗುತ್ತದೆ. ಬ್ಯಾಟರಿಯಿಂದ ನೇರ ಫ್ಯೂಸ್ ಮತ್ತು ರಿಲೇ ಹಾಕಿ ಕರೆಂಟ್ ತೆಗೆದರೆ ವೈರಿನ ಸಮಸ್ಯೆ ನೀಗುತ್ತದೆ, ಆದರೆ ಬಲ್ಬಿನ ಬಿಸಿಯನ್ನು ತಡೆಯಬೇಕಾದ ಪ್ಲಾಸ್ಟಿಕ್ ಅದೇ ಹಳೆಯ ಪ್ಲಾಸ್ಟಿಕ್ಕೇ. ಜೊತೆಗೆ ಎದುರು ಬರುವವನ ಕಣ್ಣಿನ ಗತಿ ಏನು ಎಂಬ ಪ್ರಶ್ನೆಯೂ ಇದೆ. ಅದು ವಾರಂಟಿಗೆ ಸೇರಿದ್ದಲ್ಲ, ಆದರೂ ಕೇಳಿಕೊಳ್ಳಬೇಕಾದದ್ದು.

‘ಕಪ್ಲರ್ ಟು ಕಪ್ಲರ್’ ಎನ್ನುವ ಭರವಸೆಯಲ್ಲಿ ನಿಜಾಂಶವಿದೆ. ಕಾರಿನ ಮೂಲ ಪ್ಲಗ್ಗಿಗೆ ಸರಿಯಾಗಿ ಕೂರುವ ಹಾರ್ನೆಸ್ ಸಿಗುತ್ತದೆ. ಅದನ್ನು ಬಳಸಿದರೆ ವೈರು ಕತ್ತರಿಸಬೇಕಿಲ್ಲ, ನಾಳೆ ಬೇಡವೆಂದರೆ ಬಿಚ್ಚಿಡಬಹುದು. ಮ್ಯೂಸಿಕ್ ಸಿಸ್ಟಮ್‌ಗೂ ಹಾರ್ನಿಗೂ ಇದು ಸಾಕಷ್ಟು ಸುರಕ್ಷಿತ ದಾರಿ. ಅಂಗಡಿಯಲ್ಲಿ ಮಾತಾಡುವಾಗ ಬೆಲೆಗಿಂತ ಮೊದಲು ಕೇಳಬೇಕಾದದ್ದು, ‘ಎಲ್ಲಾದರೂ ವೈರ್ ಕಟ್ ಮಾಡ್ತೀರಾ?’ ಮಾಡುವುದಿಲ್ಲ ಎಂದರೆ ಬಿಲ್ಲಿನಲ್ಲಿ ಹಾಗೆಂದು ಬರೆಸಿ, ಕೆಲಸ ಮುಗಿಯುವವರೆಗೂ ಅಲ್ಲೇ ನಿಂತಿರಿ. ಕಾಫಿಗೆ ಹೋಗಿ ಬರುವಷ್ಟರಲ್ಲಿ ಕಟಿಂಗ್ ಪ್ಲೇಯರ್ ಕೆಲಸ ಮುಗಿಸಿರುತ್ತದೆ. ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್‌ಗಳನ್ನು ಬ್ಯಾಟರಿಯ ಸದಾ ಕರೆಂಟಿರುವ ವೈರಿಗೆ ಸೇರಿಸಿದರೆ ನಿಂತ ಕಾರಿನ ಬ್ಯಾಟರಿ ಖಾಲಿಯಾಗುವುದುಂಟು. ಆಮೇಲೆ ‘ಬ್ಯಾಟರಿ ವೀಕ್’ ಎಂದು ವಾರಂಟಿ ಕೇಳಿದರೆ ಮೊದಲು ಅವರ ಕಣ್ಣು ಬೀಳುವುದು ಆ ವೈರಿನ ಮೇಲೆ. ಎಲೆಕ್ಟ್ರಿಕ್ ಕಾರಿನವರಿಗೆ ಇನ್ನೂ ಒಂದು ಮಾತು. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಹೈ ವೋಲ್ಟೇಜ್. ಅದರ ಹತ್ತಿರ ಡ್ರಿಲ್ ಮಾಡಲು ಯಾವ ಆಕ್ಸೆಸರಿ ಅಂಗಡಿಗೂ ಅವಕಾಶ ಕೊಡಬೇಡಿ. ಅಲ್ಲಿ ವಾರಂಟಿಗಿಂತ ಜೀವದ ಮಾತು ಮೊದಲು.

ಎಂಜಿನ್ ರೀಮ್ಯಾಪ್ ವಿಷಯದಲ್ಲಿ ಮಾತ್ರ ‘ವಾರಂಟಿ ಹೋಗುತ್ತೆ’ ಎನ್ನುವ ಎಚ್ಚರಿಕೆಯನ್ನು ಅಕ್ಷರಶಃ ನಂಬಬಹುದು. ಟರ್ಬೊ ಕಾರುಗಳು ಹೆಚ್ಚಿದ ಮೇಲೆ ಇದರ ಹುಚ್ಚೂ ಹೆಚ್ಚಿದೆ. ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ ಕಂಪ್ಯೂಟರಿನ ಲೆಕ್ಕಾಚಾರ ಬದಲಿಸಿದರೆ ಗಾಡಿ ಹೆಚ್ಚು ಎಳೆಯುವುದು ನಿಜ. ಆದರೆ ಹೆಚ್ಚಿದ ಟಾರ್ಕ್ ಹೋಗುವುದು ಕ್ಲಚ್, ಗೇರ್‌ಬಾಕ್ಸ್, ಡ್ರೈವ್‌ಶಾಫ್ಟ್ ಮೂಲಕವೇ. ಹಾಗಾಗಿ ಒಂದು ಫೈಲು ಬದಲಿಸಿದರೂ ಎಂಜಿನ್ನಿನಿಂದ ಚಕ್ರದವರೆಗಿನ ಇಡೀ ಸರಪಳಿಯ ಮೇಲೆ ಕಂಪನಿ ಬೆರಳು ತೋರಿಸಬಹುದು. ಸರ್ವಿಸಿಗೆ ಬಿಡುವ ಮುಂಚೆ ಹಳೆಯ ಫೈಲು ಮತ್ತೆ ಹಾಕಿಸಿಕೊಂಡು ಹೋಗುವ ಜಾಣರಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹೆಗಲ ಮೇಲಿನ ಬೂದಿ ಅಲ್ಲೇ ಇರುತ್ತದೆ: ಎಷ್ಟು ಸಲ ಫೈಲು ಬರೆಯಲಾಗಿದೆ ಎಂಬ ಎಣಿಕೆಯನ್ನು ಎಷ್ಟೋ ಎಂಜಿನ್ ಕಂಪ್ಯೂಟರುಗಳು ಇಟ್ಟುಕೊಳ್ಳುತ್ತವೆ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ರೀಮ್ಯಾಪ್ ಪತ್ತೆಯಾದರೆ ಆ ಗಾಡಿಯ ಚಾಸಿ ನಂಬರಿನ ಎದುರು ‘ಟಿಡಿ1’ ಎಂಬ ಗುರುತು ಕಂಪನಿಯ ದಾಖಲೆಯಲ್ಲೇ ಬೀಳುತ್ತದೆ. ಮೂಲ ಫೈಲು ವಾಪಸ್ ಹಾಕಿಸಿದರೆ ಅದು ಅಳಿಸಿಹೋಗುವುದಿಲ್ಲ.

ಬೈಕಿನವರ ಹಂಬಲ ಸೈಲೆನ್ಸರ್. ಬುಲೆಟ್ಟಿಗೆ ದಪ್ಪ ಸದ್ದಿನದ್ದು ಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಗಾಡಿಗಳಲ್ಲಿ ಹೊಗೆ ನಳಿಗೆಯೆಂದರೆ ಬರೀ ನಳಿಗೆಯಲ್ಲ. ಒಳಗೆ ಕ್ಯಾಟಲಿಟಿಕ್ ಕನ್ವರ್ಟರ್, ಪಕ್ಕದಲ್ಲಿ ಆಕ್ಸಿಜನ್ ಸೆನ್ಸರ್. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬಿಡಬೇಕೆಂದು ಆ ಸೆನ್ಸರ್ ನೋಡಿ ತೀರ್ಮಾನವಾಗುತ್ತದೆ. ಕನ್ವರ್ಟರ್ ಇರುವ ಇಡೀ ನಳಿಗೆ ಕಿತ್ತು ಬೇರೆ ಹಾಕಿದರೆ ಲೆಕ್ಕ ತಪ್ಪುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಹಳದಿ ಲೈಟು ಹತ್ತುತ್ತದೆ. ವಾರಂಟಿ ಮಾತು ಒತ್ತಟ್ಟಿಗಿರಲಿ, ಬೆಂಗಳೂರಿನಲ್ಲೂ ಶಿವಮೊಗ್ಗದಲ್ಲೂ ಪೊಲೀಸರು ಇಂಥ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ನೋಡಿದ್ದೀರಿ.

ಚಕ್ರದ ವಿಷಯದಲ್ಲಿ ನಾನು ಅಷ್ಟು ಹೆದರಿಸುವುದಿಲ್ಲ, ಒಂದು ಕ್ಯಾಲ್ಕುಲೇಟರ್ ಸಾಕು. ಕಾರಿಗೆ ಬಂದದ್ದು 185/65 ಆರ್15 ಅಂದುಕೊಳ್ಳಿ. ಅದರ ಒಟ್ಟು ವ್ಯಾಸ ಸುಮಾರು 621 ಮಿಲಿಮೀಟರ್. 195/55 ಆರ್16 ಹಾಕಿದರೆ ರಿಮ್ಮು ದೊಡ್ಡದಾಗಿ ಕಂಡರೂ ವ್ಯಾಸ ಒಂದು ಮಿಲಿಮೀಟರಿನಷ್ಟೂ ಬದಲಾಗುವುದಿಲ್ಲ. ನೋಡಲು ಗತ್ತಾಗಿದೆಯೆಂದು 205/60 ಆರ್16 ಹಾಕಿದರೆ ವ್ಯಾಸ 652ಕ್ಕೆ ಏರುತ್ತದೆ, ಅಂದರೆ ಶೇಕಡ 5 ಹೆಚ್ಚು. ಆಗ ಮೀಟರು ತೋರಿಸುವುದಕ್ಕಿಂತ ಅಷ್ಟೇ ಪಾಲು ವೇಗವಾಗಿ ಗಾಡಿ ಓಡುತ್ತಿರುತ್ತದೆ, ಓಡೋಮೀಟರು ಕಡಿಮೆ ಎಣಿಸುತ್ತದೆ, ಚಕ್ರದ ಮೇಲಿನ ಕಮಾನಿನ ಒಳ ಪ್ಲಾಸ್ಟಿಕ್ಕಿಗೆ ಟೈರು ಉಜ್ಜಲೂಬಹುದು. ಅದೇ ಕಾರಿನ ಮೇಲಿನ ಮಾಡೆಲ್ಲಿಗೆ ಕಂಪನಿಯೇ ಕೊಡುವ ಅಳತೆಯನ್ನು ಆರಿಸಿಕೊಂಡರೆ ವಾದವೇ ಇಲ್ಲ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಟೈರಿನ ಅಳತೆಯ ಚೀಟಿ ಇರುತ್ತದೆ, ಅದರ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಸ್ಪ್ರಿಂಗ್ ಕತ್ತರಿಸಿ ಕಾರು ಕೆಳಗಿಳಿಸುವುದು, ಸ್ಪೇಸರ್ ಹಾಕಿ ಮೇಲೇರಿಸುವುದು ಬೇರೆ ಮಾತು. ಅದನ್ನು ಮಾಡಿದರೆ ಶಾಕ್ ಅಬ್ಸಾರ್ಬರ್, ಬುಶ್, ಸ್ಟೀರಿಂಗ್‌ಗಳ ವಾರಂಟಿಯ ಆಸೆ ಬಿಡುವುದು ಲೇಸು.

ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವ ರೂಢಿ ಇನ್ನೂ ಹೋಗಿಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಇದು ಕಾನೂನುಬಾಹಿರ, ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಪತ್ರ ಬರೆದಿದೆ. ಬಂಪರು, ಅದರ ಹಿಂದಿನ ತಗಡು ನುಜ್ಜಾಗುವ ಬಗೆಯನ್ನು ಲೆಕ್ಕ ಹಾಕಿಯೇ ಏರ್‌ಬ್ಯಾಗ್ ಯಾವ ಕ್ಷಣ ಬಿಚ್ಚಿಕೊಳ್ಳಬೇಕು ಎಂದು ಗೊತ್ತುಪಡಿಸಿರುತ್ತಾರೆ. ಗಾರ್ಡು ಆ ಲೆಕ್ಕವನ್ನೇ ಕೆಡಿಸುತ್ತದೆ. ಸೀಟ್ ಕವರಿನದೂ ಇದೇ ಜಾತಿಯ ತೊಂದರೆ. ಆರು ಏರ್‌ಬ್ಯಾಗಿನ ಕಾರುಗಳಲ್ಲಿ ಸೈಡ್ ಏರ್‌ಬ್ಯಾಗ್ ಇರುವುದು ಮುಂದಿನ ಸೀಟಿನ ಒರಗಿನ ಹೊರ ಅಂಚಿನಲ್ಲಿ. ಆ ಜಾಗದಲ್ಲಿ ಹರಿದುಕೊಳ್ಳುವ ಹೊಲಿಗೆ ಇರುವ ಕವರನ್ನೇ ಕೇಳಿ ತೆಗೆದುಕೊಳ್ಳಿ.

ಸಿಎನ್‌ಜಿ ಕಿಟ್ ಹೊರಗೆ ಹಾಕಿಸಿದರೆ ಎಂಜಿನ್ನಿನ ಮಟ್ಟಿಗೆ ಕಂಪನಿ ಕೈ ತೊಳೆದುಕೊಳ್ಳುತ್ತದೆ ಎಂದೇ ಇಟ್ಟುಕೊಳ್ಳಿ. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವವರಿಗೆ ಆಗಲೂ ಲಾಭವಾಗಬಹುದು. ಆದರೆ ಅಂಗೀಕೃತ ಕಿಟ್, ಅಂಗೀಕೃತ ಅಂಗಡಿ, ಆರ್‌ಸಿಯಲ್ಲಿ ನಮೂದು, ವಿಮೆಯಲ್ಲಿ ನಮೂದು, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ, ಇಷ್ಟೂ ಇರಲೇಬೇಕು. ಹೊಸ ಕಾರೇ ಕೊಳ್ಳುವವರು ಕಂಪನಿಯ ಸಿಎನ್‌ಜಿ ಮಾಡೆಲ್ಲನ್ನೇ ಕೊಳ್ಳಲಿ ಎನ್ನುವುದು ನನ್ನ ಸಲಹೆ.

ಜನ ಹೆಚ್ಚು ಮೋಸಹೋಗುವ ಜಾಗ ಜೆ.ಸಿ. ರಸ್ತೆಯಲ್ಲ, ಶೋರೂಮು. ‘ನಾನು ಹೊರಗೆ ಹಾಕ್ಸಿಲ್ಲ, ಡೀಲರ್ ಹತ್ರಾನೇ ಹಾಕ್ಸಿದ್ದು’ ಎಂದು ನೆಮ್ಮದಿಯಿಂದ ಇರುತ್ತಾರೆ. ಡೀಲರ್ ಮಾರುವ ಆಕ್ಸೆಸರಿಗಳಲ್ಲಿ ಎರಡು ಬಗೆ. ಕಂಪನಿಯ ಪಾರ್ಟ್ ನಂಬರ್ ಇರುವ ಜೆನ್ಯೂನ್ ಆಕ್ಸೆಸರಿ ಒಂದು. ಡೀಲರ್ ತಾನೇ ಸಗಟು ಅಂಗಡಿಯಿಂದ ತಂದು, ಅದೇ ಕೌಂಟರಿನಲ್ಲಿ ದುಪ್ಪಟ್ಟು ಬೆಲೆಗೆ ಮಾರುವುದು ಇನ್ನೊಂದು. ಎರಡನೆಯದಕ್ಕೂ ಕಂಪನಿಗೂ ಸಂಬಂಧವಿಲ್ಲ. ಡೆಲಿವರಿಯ ಗಡಿಬಿಡಿಯಲ್ಲಿ, ಹಾರ ಹಾಕಿ ಕೇಕ್ ಕತ್ತರಿಸುವ ಹೊತ್ತಿನಲ್ಲಿ, ಯಾರೂ ಬಿಲ್ ನೋಡುವುದಿಲ್ಲ. ಒಂದೊಂದು ಐಟಮ್ಮಿಗೂ ಕಂಪನಿಯ ಪಾರ್ಟ್ ನಂಬರ್ ಇದೆಯೇ, ಆ ಆಕ್ಸೆಸರಿಗೇ ಎಷ್ಟು ತಿಂಗಳ ವಾರಂಟಿ, ಇವೆರಡನ್ನು ಬಿಲ್ಲಿನ ಮೇಲೇ ಬರೆಸಿ.

ಕಾನೂನು ಏನು ಹೇಳುತ್ತದೆ? ಯೂಟ್ಯೂಬಿನಲ್ಲಿ ಅಮೆರಿಕದ ವಿಡಿಯೊ ನೋಡಿ ಬಂದು ಇಲ್ಲಿನ ಸರ್ವಿಸ್ ಅಡ್ವೈಸರ್ ಮುಂದೆ ವಾದಿಸುವವರುಂಟು. ಅಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಇದೆ. ಬೇರೆ ಕಂಪನಿಯ ಭಾಗ ಹಾಕಿದ ಮಾತ್ರಕ್ಕೆ ವಾರಂಟಿ ರದ್ದು ಮಾಡುವಂತಿಲ್ಲ, ಆ ಭಾಗದಿಂದಲೇ ಹಾಳಾಯಿತು ಎಂದು ತಯಾರಕರು ತೋರಿಸಬೇಕು. ಅಲ್ಲಿರುವ ಕನ್ನಡಿಗರು ಅದನ್ನು ಧೈರ್ಯವಾಗಿ ಬಳಸಬಹುದು. ನಮ್ಮಲ್ಲಿ ವಾರಂಟಿಗೆಂದೇ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಅದಕ್ಕೆ ತೀರ ಹತ್ತಿರದ್ದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶ. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಬಿಡದೆ ಕಟ್ಟಿಹಾಕಿದ್ದಕ್ಕೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿದ ಆಯೋಗ, ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದರೆಂದು ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಕೂಡದು ಎಂದಿತು. ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು. ಕಂಪನಿಗಳು ಮೇಲ್ಮನವಿ ಹೋದವು, ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಜೊತೆಗೆ ಆದೇಶ ಹೇಳಿದ್ದು ರಿಪೇರಿಯ ಬಗ್ಗೆ, ರೀಮ್ಯಾಪ್ ಬಗ್ಗೆ ಅಲ್ಲ. ವಾದಕ್ಕೆ ಬಲ ಕೊಡುವ ದಾಖಲೆ ಎಂದು ಇಟ್ಟುಕೊಳ್ಳಿ, ಬ್ರಹ್ಮಾಸ್ತ್ರ ಎಂದಲ್ಲ.

ವಾರಂಟಿ ನಿರಾಕರಿಸಿದರೆ ಕೌಂಟರಿನಲ್ಲಿ ಕೂಗಾಡಿ ಪ್ರಯೋಜನವಿಲ್ಲ. ಕಾಗದ ಕೇಳಿ. ಯಾವ ಭಾಗ ಕೆಟ್ಟಿದೆ, ಬುಕ್‌ಲೆಟ್ಟಿನ ಯಾವ ಷರತ್ತಿನ ಪ್ರಕಾರ ಇಲ್ಲವೆನ್ನುತ್ತಿದ್ದೀರಿ, ನಮ್ಮ ಫಿಟ್ಟಿಂಗಿನಿಂದಲೇ ಹೀಗಾಯಿತು ಎನ್ನಲು ತಾಂತ್ರಿಕ ಕಾರಣವೇನು, ಈ ಮೂರೂ ಜಾಬ್ ಕಾರ್ಡಿನಲ್ಲೋ ಇಮೇಲಿನಲ್ಲೋ ಬರಲಿ. ‘ವೈರಿಂಗ್ ಟ್ಯಾಂಪರ್ಡ್’ ಎಂಬ ಎರಡು ಪದ ಬರೆದರೆ ಎಲ್ಲಿ ಎಂದು ಫೋಟೊ ಕೇಳಿ. ಸ್ಕ್ಯಾನರಿನಲ್ಲಿ ಬಂದ ಕೋಡುಗಳ ಪ್ರಿಂಟ್ ತೆಗೆದುಕೊಳ್ಳಿ. ತುರ್ತೆಂದು ದುಡ್ಡು ಕೊಟ್ಟೇ ರಿಪೇರಿ ಮಾಡಿಸಬೇಕಾದರೆ ‘ಆಕ್ಷೇಪಣೆಯೊಂದಿಗೆ’ ಎಂದು ಬರೆದು ಸಹಿ ಹಾಕಿ, ಕೆಟ್ಟ ಭಾಗವನ್ನು ಮನೆಗೆ ತನ್ನಿ. ಆ ಭಾಗವೇ ನಿಮ್ಮ ಸಾಕ್ಷಿ. ಗ್ರಾಹಕ ಆಯೋಗ ಬೇಕೆಂದರೆ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಡೀಲರ್ ಮಟ್ಟದಲ್ಲಿ ಮುಗಿಯದಿದ್ದರೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಬರೆಯಿರಿ. ಪೂರ್ತಿ ಅಲ್ಲದಿದ್ದರೂ ‘ಗುಡ್‌ವಿಲ್’ ಎಂಬ ಹೆಸರಿನಲ್ಲಿ ಭಾಗದ ಬೆಲೆಯಲ್ಲಿ ಪಾಲು ಕೊಡುವ ಪದ್ಧತಿ ಹಲವು ಕಂಪನಿಗಳಲ್ಲಿದೆ. ಕೇಳದವರಿಗೆ ಸಿಗುವುದಿಲ್ಲ.

ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಾರು ಕೊಂಡ ಊರಿಗೆ ಓಡಬೇಕಿಲ್ಲ. 50 ಲಕ್ಷದವರೆಗಿನ ಬೆಲೆಯ ವಾಹನ ಜಿಲ್ಲಾ ಆಯೋಗದ ವ್ಯಾಪ್ತಿಯಲ್ಲೇ ಬರುತ್ತದೆ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು.

ವಿಮೆ ಮತ್ತು ಆರ್‌ಟಿಒ ಬೇರೆ ಬಾಗಿಲುಗಳು, ಆದರೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಹೊರಗಿನ ಆಕ್ಸೆಸರಿಗಳನ್ನು ಪಾಲಿಸಿಯಲ್ಲಿ ಬರೆಸದಿದ್ದರೆ ಅಪಘಾತವಾದಾಗ ಅವುಗಳ ಬೆಲೆ ಸಿಗುವುದಿಲ್ಲ. ಬರೆಸಲು ಖರ್ಚು ದೊಡ್ಡದಲ್ಲ. ಎಲೆಕ್ಟ್ರಿಕಲ್ ಫಿಟ್ಟಿಂಗಿಗೆ ಹಳೆಯ ಟ್ಯಾರಿಫ್ ಪ್ರಕಾರ ಅದರ ಬೆಲೆಯ ಶೇಕಡ 4. ತಯಾರಕರು ಗೊತ್ತುಪಡಿಸಿದ ಸ್ವರೂಪವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಅದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಅಕ್ರಮ ಬದಲಾವಣೆಗೂ 5,000 ರೂಪಾಯಿ ದಂಡ ಬಂತು, ಆರು ತಿಂಗಳ ಜೈಲಿಗೂ ಅವಕಾಶವಿದೆ. ವಾರಂಟಿ ಮುಗಿದ ಗಾಡಿಗೂ ಇದು ಅನ್ವಯಿಸುತ್ತದೆ.

ಬಿಚ್ಚಿದ ಮೂಲ ಭಾಗಗಳನ್ನು ಅಂಗಡಿಯವರಿಗೆ ‘ಎಕ್ಸ್‌ಚೇಂಜ್’ ಕೊಟ್ಟು ಐನೂರು ಸಾವಿರ ಉಳಿಸಬೇಡಿ. ಕಂಪನಿಯ ಸ್ಟೀರಿಯೊ, ಬಲ್ಬು, ರಿಮ್ಮು, ಸೈಲೆನ್ಸರ್ ಎಲ್ಲವನ್ನೂ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ. ಮಾರುವಾಗಲೂ ಬೆಲೆ ಬರುತ್ತದೆ.

ಇನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು. ‘ಇನ್ನೂ ಒಂದೂವರೆ ವರ್ಷ ವಾರಂಟಿ ಇದೆ’ ಎಂಬ ಮಾತಿಗೆ ಹೆಚ್ಚು ದುಡ್ಡು ಕೊಡುವ ಮುಂಚೆ ಕಾರನ್ನು ಅದೇ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು ಚಾಸಿ ನಂಬರ್ ಹಾಕಿಸಿ ಹಿಸ್ಟರಿ ತೆಗೆಸಿ. ಹಿಂದೆ ಯಾವುದಾದರೂ ಕ್ಲೇಮ್ ತಿರಸ್ಕರಿಸಿದ್ದರೆ, ಮಾರ್ಪಾಡು ಎಂದು ಗುರುತು ಹಾಕಿದ್ದರೆ ಅಲ್ಲಿ ಸಿಗುತ್ತದೆ. ಎಕ್ಸ್‌ಟೆಂಡೆಡ್ ವಾರಂಟಿ ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ, ಎಷ್ಟು ದಿನದೊಳಗೆ ಅರ್ಜಿ ಕೊಡಬೇಕು ಎಂದು ಅಲ್ಲೇ ಕೇಳಿಕೊಳ್ಳಿ. ಆಮೇಲೆ ಮೊಬೈಲಿನ ಟಾರ್ಚ್ ಹಚ್ಚಿ ಸ್ಟೀರಿಂಗ್ ಕೆಳಗೂ ಫ್ಯೂಸ್ ಬಾಕ್ಸಿನ ಹಿಂದೂ ನೋಡಿ. ಕಂಪನಿಯ ವೈರುಗಳು ನೀಟಾಗಿ ಕಪ್ಪು ಕೊಳವೆಯೊಳಗೆ ಹೋಗಿರುತ್ತವೆ. ಕೊಳವೆ ಸೀಳಿ, ಕೆಂಪೋ ಹಳದಿಯೋ ಸಡಿಲ ವೈರು ಟೇಪಿನಲ್ಲಿ ನೇತಾಡುತ್ತಿದ್ದರೆ ಆ ಒಂದೂವರೆ ವರ್ಷಕ್ಕೆಂದು ಹೇಳಿದ ಬೆಲೆಯನ್ನು ಅಲ್ಲೇ ಕಡಿಮೆ ಮಾಡಿಸಿ.